ಗೆದ್ದವರನ್ನು ಮುಂದಕ್ಕೆ ಕಳಿಸಿದರೆ ಆಯ್ಕೆ ಮುಗಿಯಿತೇ?

ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ನೂರು ಮೀಟರ್ ಓಟ ಮುಗಿಯುವ ಜಾಗವನ್ನು ನೋಡಬೇಕು. ಸುಣ್ಣದ ಗೆರೆಯ ಆಚೆ ಮೂವರು ಮೇಷ್ಟ್ರುಗಳು ಸಿದ್ಧವಾಗಿ ನಿಂತಿರುತ್ತಾರೆ. ಮೊದಲು ಬಂದವನ ತೋಳು ಹಿಡಿದುಕೊಳ್ಳುವುದು ಒಬ್ಬರ ಕೆಲಸ, ಎರಡನೆಯವನದು ಇನ್ನೊಬ್ಬರದು, ಮೂರನೆಯವನದು ಮತ್ತೊಬ್ಬರದು. ಹಿಡಿದವರನ್ನು ಹಾಗೇ ಮೇಜಿನ ಹತ್ತಿರ ಕರೆದುಕೊಂಡು ಹೋಗಿ ಹೆಸರು, ಶಾಲೆ ಬರೆಸುತ್ತಾರೆ. ಸ್ಟಾಪ್‌ವಾಚ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ನಾಲ್ಕನೆಯವನು ಎಷ್ಟು ಸೆಕೆಂಡಿನಲ್ಲಿ ಓಡಿದ ಎಂಬುದು ಯಾವ ಕಾಗದಕ್ಕೂ ಏರುವುದಿಲ್ಲ. ಅಷ್ಟು ಹೊತ್ತಿಗೆ ಅವನು ಶಾಮಿಯಾನದ ಹಿಂದೆ ನೀರು ಕುಡಿಯುತ್ತಿರುತ್ತಾನೆ.

ಅರಸೀಕೆರೆ ತಾಲ್ಲೂಕಿನ ಬಾಣಾವರ, ಜಾವಗಲ್, ಗಂಡಸಿ, ಕಣಕಟ್ಟೆಗಳಲ್ಲಿ, ಬೇಲೂರು ತಾಲ್ಲೂಕಿನ ಹಳೇಬೀಡು, ಮಾದಿಹಳ್ಳಿ, ಬಿಕ್ಕೋಡು, ಅರೇಹಳ್ಳಿಗಳಲ್ಲಿ ಇದೇ ಏಣಿಯ ಮೊದಲ ಮೆಟ್ಟಿಲು. ಇಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಹಾಸನಕ್ಕೆ, ಆಮೇಲೆ ಮೈಸೂರು ವಿಭಾಗಕ್ಕೆ, ರಾಜ್ಯಕ್ಕೆ, ಕೊನೆಗೆ ಭಾರತೀಯ ಶಾಲಾ ಕ್ರೀಡಾ ಫೆಡರೇಷನ್ ನಡೆಸುವ ರಾಷ್ಟ್ರೀಯ ಕೂಟಕ್ಕೆ. ಈ ಏಣಿಯ ಬಗ್ಗೆ ಮೊದಲು ಒಳ್ಳೆಯ ಮಾತು ಹೇಳಿಬಿಡಬೇಕು. ಅರೇಹಳ್ಳಿಯ ಕಾಫಿ ತೋಟದ ಕೂಲಿಯವರ ಮಗಳೂ ಪೇಟೆಯ ಕಾನ್ವೆಂಟಿನ ಹುಡುಗಿಯೂ ಒಂದೇ ಗೆರೆಯ ಮೇಲೆ ನಿಲ್ಲುವ ಜಾಗ ನಮ್ಮಲ್ಲಿ ಇನ್ನೊಂದಿಲ್ಲ. ಫೀಸಿಲ್ಲ, ಅಕಾಡೆಮಿಯ ಚೀಟಿ ಬೇಕಿಲ್ಲ, ಬರಿಗಾಲಲ್ಲಿ ಓಡಿದರೂ ಯಾರೂ ತಡೆಯುವುದಿಲ್ಲ. ಹಬ್ಬವಾಗಿ ಹೋಬಳಿ ಕ್ರೀಡಾಕೂಟಕ್ಕೆ ಪೂರ್ತಿ ಅಂಕ ಕೊಡಬಹುದು. ಆಯ್ಕೆಯ ವಿಧಾನವಾಗಿ ನೋಡಿದಾಗಲೇ ಅದರ ಬಡತನ ಕಾಣುವುದು.

ಮೊದಲನೆಯದು, ಎದುರಾಳಿಗಳ ಲೆಕ್ಕ. ಒಂದು ಹೋಬಳಿಯಲ್ಲಿ ಒಂದೇ ವರ್ಷ ನಾಲ್ವರು ಒಳ್ಳೆಯ ಓಟಗಾರರು ಬಿದ್ದರೆ ಅವರಲ್ಲಿ ಹಿಂದೆ ಉಳಿದವರು ಮನೆಗೆ ಹೋಗುತ್ತಾರೆ. ಪಕ್ಕದ ಹೋಬಳಿಯಲ್ಲಿ ಅವರಿಗಿಂತ ನಿಧಾನವಾಗಿ ಓಡಿದವನು ಗೆದ್ದು ತಾಲ್ಲೂಕಿಗೆ ಹೋಗುತ್ತಾನೆ. ಕೂಟ ನಡೆಯುವ ಮಳೆಗಾಲದ ದಿನಗಳಲ್ಲಿ ಅರೇಹಳ್ಳಿಯ ಮೈದಾನ ಕೆಸರು, ಕಣಕಟ್ಟೆಯದು ದೂಳು. ಹಾಗಾಗಿ ಸಮಯ ಬರೆದರೂ ಒಂದಕ್ಕೊಂದು ಹೋಲಿಸುವುದು ಸುಲಭವಲ್ಲ ನಿಜ, ಆದರೆ ಬರೆಯದೇ ಇದ್ದರೆ ಹೋಲಿಕೆಯ ಮಾತೇ ಇಲ್ಲ. ಕಬಡ್ಡಿ, ಕೊಕ್ಕೊ ಇನ್ನೂ ಕಷ್ಟ. ಹೋಬಳಿಯಿಂದ ತಾಲ್ಲೂಕಿಗೆ ಹೋಗುವುದು ಗೆದ್ದ ಶಾಲೆಯ ತಂಡ. ನಲವತ್ತು ಮಕ್ಕಳ ಹಳ್ಳಿ ಶಾಲೆಯಲ್ಲಿ ಒಬ್ಬ ಅಪರೂಪದ ರೈಡರ್ ಇದ್ದು, ಹಿಡಿಯುವವರು ಯಾರೂ ಇಲ್ಲದಿದ್ದರೆ, ಮೊದಲ ಪಂದ್ಯದಲ್ಲೇ ಅವನ ವರ್ಷ ಮುಗಿಯಿತು.

ಈ ತೊಡಕನ್ನು ಬಗೆಹರಿಸಿಕೊಂಡ ಆಟವೊಂದು ನಮ್ಮ ಸೀಮೆಗೆ ತೀರಾ ದೂರದ್ದು, ಹಿಮದ ಇಳಿಜಾರಿನಲ್ಲಿ ಗೇಟುಗಳ ನಡುವೆ ಜಾರಿ ಇಳಿಯುವ ಆಲ್ಪೈನ್ ಸ್ಕೀಯಿಂಗ್. ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಫೆಡರೇಷನ್ ಪ್ರತಿ ಸ್ಪರ್ಧಿಗೂ ಪಾಯಿಂಟ್ ಕೊಡುತ್ತದೆ, ಕಡಿಮೆ ಇದ್ದಷ್ಟೂ ಒಳ್ಳೆಯದು. ಗೆದ್ದವನಿಗಿಂತ ಎಷ್ಟು ಹಿಂದೆ ಬಂದ ಎನ್ನುವುದರ ಜೊತೆಗೆ ಆ ಸ್ಪರ್ಧೆಯಲ್ಲಿ ಎಂಥೆಂಥವರು ಇಳಿದಿದ್ದರು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ದುರ್ಬಲರ ನಡುವೆ ಗೆದ್ದವನಿಗಿಂತ ಬಲಿಷ್ಠರ ನಡುವೆ ಹತ್ತನೆಯವನಾದವನು ಮೇಲಿರಬಹುದು. ಒಂದು ದಿನ ಎಡವಿದರೆ ಜಾತಕವೇ ಕೆಡುವುದಿಲ್ಲ, ಒಂದು ವಿಭಾಗದಲ್ಲಿ ವರ್ಷದ ಅತ್ಯುತ್ತಮ ಎರಡು ಫಲಿತಾಂಶಗಳ ಸರಾಸರಿಯೇ ಆಧಾರ. ಗುಲ್ಮಾರ್ಗ್ ಕಡೆಯ ಆರಿಫ್ ಖಾನ್ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದ ಏಕೈಕ ಸ್ಪರ್ಧಿಯಾಗಿ ಹೋದದ್ದು ಇಂಥ ಪಾಯಿಂಟುಗಳ ಬಲದಿಂದ. ಜೈಂಟ್ ಸ್ಲಾಲಂನಲ್ಲಿ ಅವರಿಗೆ 45ನೇ ಸ್ಥಾನ.

ಹಾಗೆಂದು ಸ್ಕೀಯವರು ಎಲ್ಲ ಗೆದ್ದರು ಎನ್ನುವಂತಿಲ್ಲ, ಎರಡನೆಯ ತೊಡಕಾದ ವಯಸ್ಸಿನ ಲೆಕ್ಕದಲ್ಲಿ ಅವರೂ ಸಿಕ್ಕಿಬಿದ್ದಿದ್ದಾರೆ. ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಸಂಶೋಧಕರು ಎಳೆಯ ಸ್ಕೀ ಪಟುಗಳ ಹುಟ್ಟಿದ ತಿಂಗಳುಗಳನ್ನು ಜೋಡಿಸಿ ನೋಡಿದಾಗ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಆಯ್ಕೆಯಾದವರಲ್ಲಿ ಹೆಚ್ಚು ತುಂಬಿಕೊಂಡಿದ್ದರು. ಕೆನಡಾದ ಐಸ್ ಹಾಕಿಯಲ್ಲಿ ಇದನ್ನು 1985ರಲ್ಲೇ ತೋರಿಸಿದ್ದರು. ಜನವರಿಯ ಮಗುವೂ ಡಿಸೆಂಬರಿನ ಮಗುವೂ ಒಂದೇ ವಯೋಮಿತಿಯಲ್ಲಿ ಓಡುವಾಗ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಮೈ ಇರುತ್ತದೆ. ಹದಿಮೂರರ ಹೊತ್ತಿಗೆ ಆ ಒಂದು ವರ್ಷ ಎಷ್ಟು ದೊಡ್ಡದು ಎಂದು ಯಾವ ಹೈಸ್ಕೂಲಿನ ಪ್ರಾರ್ಥನೆಯ ಸಾಲನ್ನು ನೋಡಿದರೂ ಗೊತ್ತಾಗುತ್ತದೆ. ಜನವರಿಯ ಮಗುವಿಗೆ ಮೊದಲೇ ಮೀಸೆ ಮೂಡಿದ್ದರಂತೂ ಮಿಕ್ಕವರು ಓಡುವುದೇ ದಂಡ. ನಾವು ಅದನ್ನು ಪ್ರತಿಭೆ ಎಂದು ಬರೆದುಕೊಳ್ಳುತ್ತೇವೆ. ಮೂರು ವರ್ಷ ಬಿಟ್ಟು ಉಳಿದವರೆಲ್ಲ ಬೆಳೆದ ಮೇಲೆ ಆ ಪ್ರತಿಭೆ ಎಲ್ಲಿ ಹೋಯಿತು ಎಂದು ಕೇಳುವವರಿಲ್ಲ.

ನಮ್ಮಲ್ಲಿ ಹುಟ್ಟಿದ ತಾರೀಕಿನದೇ ಬೇರೊಂದು ಪುರಾಣ. ಒಂದು ತಲೆಮಾರಿನ ಹಿಂದೆ ಶಾಲೆಗೆ ಸೇರಿಸಲು ಬಂದ ತಂದೆಗೆ ದಿನ ನೆನಪಿಲ್ಲದಿದ್ದರೆ ಹೆಡ್‌ಮೇಷ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಇವತ್ತಿಗೂ ಸರ್ಕಾರಿ ಕಚೇರಿಗಳಲ್ಲಿ ಅಂದು ಹುಟ್ಟಿದವರಿಗೆ ಬರವಿಲ್ಲ. ಈಗ ಜನನ ಪ್ರಮಾಣಪತ್ರ ಬಂದಿದೆ, ಆದರೂ ವಯಸ್ಸು ತಿದ್ದುವ ಚಟ ಹೋಗಿಲ್ಲ. ಕ್ರಿಕೆಟ್ ಮಂಡಳಿಯಂಥ ಶ್ರೀಮಂತ ಸಂಸ್ಥೆ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತದೆ. ಹೋಬಳಿಯಲ್ಲಿ ಎಕ್ಸ್‌ರೇ ಎಲ್ಲಿಂದ ತರುವುದು?

ಕ್ರೀಡಾ ಇಲಾಖೆಯ ವಸತಿ ನಿಲಯಗಳ ಆಯ್ಕೆ ಇನ್ನೂ ಎಳೆಯ ವಯಸ್ಸಿಗೆ ಇಳಿಯುತ್ತದೆ. ಕಿರಿಯರ ನಿಲಯಕ್ಕೆ ಐದನೇ ತರಗತಿ, ಹಿರಿಯರದಕ್ಕೆ ಎಂಟು. ಎತ್ತರ, ತೂಕ ನೋಡುತ್ತಾರೆ, ಓಡಿಸುತ್ತಾರೆ, ಜಿಗಿಸುತ್ತಾರೆ. ಅಳೆಯುತ್ತಾರಲ್ಲ ಎಂಬುದೇ ಸಮಾಧಾನ, ಆದರೆ ಒಂದೇ ದಿನದ ಅಳತೆ. ಬಿತ್ತನೆ ಕಾಯಿಗೆ ತಾಯಿಮರ ಗುರುತಿಸುವ ಅರಸೀಕೆರೆಯ ತೆಂಗಿನ ಬೆಳೆಗಾರ ಒಂದು ಕೊಯ್ಲು ನೋಡಿ ತೀರ್ಮಾನಿಸುವುದಿಲ್ಲ. ಅದೇ ಐದನೇ ತರಗತಿಯ ವಯಸ್ಸಿನವರೆಗೆ ನಾರ್ವೆಯಲ್ಲಿ ಮಕ್ಕಳ ಆಟದ ಶ್ರೇಯಾಂಕ ಪಟ್ಟಿಯನ್ನೇ ಮಾಡುವಂತಿಲ್ಲ. ಹನ್ನೊಂದು ತುಂಬುವ ವರ್ಷದಿಂದ ಫಲಿತಾಂಶ, ಹದಿಮೂರರಿಂದ ರಾಷ್ಟ್ರೀಯ ಚಾಂಪಿಯನ್‌ಷಿಪ್. ಕರ್ನಾಟಕದ ಹತ್ತರಲ್ಲೊಂದು ಪಾಲೂ ಜನರಿಲ್ಲದ ಆ ದೇಶ ಬೀಜಿಂಗ್‌ನಲ್ಲಿ 16 ಚಿನ್ನ ಗೆದ್ದಿತು. ಹಿಮ, ಹಣ ಎರಡೂ ಅವರಲ್ಲಿವೆ ಎನ್ನಿ, ಆದರೂ ತಡವಾಗಿ ಆರಿಸಿದ್ದರಿಂದ ಅವರು ಕೆಟ್ಟಿಲ್ಲ ಎಂಬುದಂತೂ ಸ್ಪಷ್ಟ.

ತಡವಾಗಿ ಬಂದವರ ಉದಾಹರಣೆಗೆ ನಾರ್ವೆಯವರೆಗೂ ಹೋಗಬೇಕಿಲ್ಲ. ಅರಸೀಕೆರೆ ತಾಲ್ಲೂಕಿನ ಜಾವಗಲ್ ಹೆಸರನ್ನು ಜಗತ್ತಿನ ಸ್ಕೋರ್‌ಬೋರ್ಡುಗಳಿಗೆ ಏರಿಸಿದ ಶ್ರೀನಾಥ್ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಎಂಜಿನಿಯರಿಂಗ್ ಓದಿದ ಹುಡುಗ ಕರ್ನಾಟಕ ತಂಡಕ್ಕೆ ಆಡಿದ್ದು 1989ರಲ್ಲಿ, ಇಪ್ಪತ್ತು ದಾಟಿದ ಮೇಲೆ. ಹೈದರಾಬಾದ್ ವಿರುದ್ಧದ ಆ ಮೊದಲ ಪಂದ್ಯದಲ್ಲೇ ಹ್ಯಾಟ್ರಿಕ್. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಹಿಮದ ಮೇಲೆ ಕಾಲಿಟ್ಟದ್ದೇ ಪರ್ವತಾರೋಹಣದ ದಾರಿಯಲ್ಲಿ, ದೊಡ್ಡವರಾದ ಮೇಲೆ. ಮುಂದೆ ಅವರು ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿದರು. ಐದನೇ ತರಗತಿಯಲ್ಲಿ ಇಬ್ಬರನ್ನೂ ನಿಲ್ಲಿಸಿ ಎತ್ತರ ಅಳೆದಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು.

ಪರಿಹಾರಕ್ಕೆ ಸಿಂಥೆಟಿಕ್ ಟ್ರ್ಯಾಕ್ ಬೇಕು ಎಂದು ಮನವಿ ಕೊಡುವುದು ನಮಗೆ ರೂಢಿ. ಅದಕ್ಕಿಂತ ಅಗ್ಗದ್ದೊಂದಿದೆ. ರಾಜ್ಯದ ಪ್ರತಿ ವಿದ್ಯಾರ್ಥಿಗೂ ಶಿಕ್ಷಣ ಇಲಾಖೆಯ ಸ್ಯಾಟ್ಸ್ ಎಂಬ ದಾಖಲೆ ವ್ಯವಸ್ಥೆಯಲ್ಲಿ ಒಂದು ಸಂಖ್ಯೆ ಇದೆ. ಒಂದನೇ ತರಗತಿಯಿಂದ ಅವರ ಹಾಜರಿ, ಅಂಕ ಎಲ್ಲ ಅದರ ಬೆನ್ನಿಗೆ ಬಿದ್ದಿರುತ್ತದೆ. ಓಟದ ಸಮಯ, ಜಿಗಿತದ ದೂರ, ಆ ದಿನದ ಎತ್ತರ, ಇಷ್ಟಕ್ಕೆ ಅಲ್ಲೇ ಒಂದು ಕಲಂ ತೆರೆಯಬಹುದು. ಗೆದ್ದವರದಷ್ಟೇ ಅಲ್ಲ, ನಾಲ್ಕನೆಯವನದೂ, ಎಂಟನೆಯವನದೂ. ಹತ್ತರಲ್ಲಿ ನಿಧಾನವಾಗಿದ್ದು ಹದಿನಾಲ್ಕರಲ್ಲಿ ಎತ್ತರದ ಜೊತೆ ವೇಗವನ್ನೂ ಏರಿಸಿಕೊಂಡ ಮಗು ಆ ಕಲಂನಲ್ಲಿ ಕಂಡೇ ಕಾಣುತ್ತದೆ. ಈಗಿನ ಏಣಿಯಲ್ಲಿ ಆ ಮಗು ಕಾಣುವುದಿಲ್ಲ, ಯಾಕೆಂದರೆ ಅದು ಎಲ್ಲೂ ಗೆದ್ದಿಲ್ಲ.

ಇದಕ್ಕೆ ಎರಡು ತಕರಾರು ಬರುತ್ತವೆ. ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರೇ ಇಲ್ಲ, ಇರುವವರ ಮೇಲೆ ಮತ್ತೊಂದು ದಾಖಲೆ ಹೊರಿಸುವುದೇ ಎಂಬುದು ಒಂದು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಹುದ್ದೆ ತುಂಬದೆ ಕಲಂ ಮಾತ್ರ ತೆರೆದರೆ ಅಂದಾಜಿನ ಅಂಕಿಗಳೇ ಬೀಳುತ್ತವೆ. ವಯಸ್ಸನ್ನೇ ತಿದ್ದುವವರು ಸಮಯವನ್ನು ಬಿಟ್ಟಾರೆಯೇ ಎಂಬುದು ಇನ್ನೊಂದು. ಬಿಡಲಾರರು. ಆದರೆ ತಾರೀಕನ್ನು ಒಂದು ಸಲ ತಿದ್ದಿದರೆ ಸಾಕು. ಐದರಿಂದ ಹತ್ತನೇ ತರಗತಿಯವರೆಗಿನ ಓಟಗಳನ್ನು, ಬೇರೆ ಬೇರೆ ಮೈದಾನದಲ್ಲಿ, ಬೇರೆ ಬೇರೆ ಮೇಷ್ಟ್ರುಗಳು ಬರೆದದ್ದನ್ನು, ಒಂದಕ್ಕೊಂದು ಹೊಂದುವಂತೆ ತಿದ್ದಲು ಇಡೀ ತಾಲ್ಲೂಕೇ ಸೇರಬೇಕಾಗುತ್ತದೆ.