ಹೇಳಿದ ಜಾಗಕ್ಕೆ ಹೋಗುವವರು

ಭಾರತ ಕ್ರಿಕೆಟ್ ಪಂದ್ಯ ಸೋತ ಮರುದಿನ ನಮ್ಮ ಗುಡೇಕೋಟೆಯ ಚಹಾದಂಗಡಿಯಲ್ಲಿ ಬುದ್ಧಿವಂತರಿಗೆ ಬರವಿರುವುದಿಲ್ಲ. 'ಅವನ್ನ ಮೊದ್ಲ ಕಳಸಬೇಕಿತ್ತು', 'ಇವನ್ನ ಆಡಸಾಕs ಬಾರದಿತ್ತು' ಎಂದು ಇಡೀ ತಂಡವನ್ನು ಮತ್ತೆ ಕಟ್ಟಿಕೊಡುವವರೇ ಎಲ್ಲ. ಅಷ್ಟು ಹೊತ್ತಿಗೆ ಯಾರು ಎಷ್ಟು ರನ್ ಹೊಡೆದರೆಂಬುದು ಪತ್ರಿಕೆಯಲ್ಲಿ ಅಚ್ಚಾಗಿ ಬಂದಿರುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೇಳಲು ಉಂಡರೆ ಸಾಕು. ಉಪ್ಪು ಹಾಕುವ ಕೈಗೆ ಆ ಅನುಕೂಲವಿಲ್ಲ. ಅದಕ್ಕೇ ನಾಯಕನನ್ನು ತೂಗುವಾಗ ನಾನು ಒಂದೇ ತಕ್ಕಡಿ ಬಳಸುತ್ತೇನೆ. ಆಡುವವರ ಪಟ್ಟಿ ಬರೆದ ಬೆಳಿಗ್ಗೆ ಆತನಿಗೆ ಏನು ಗೊತ್ತಿತ್ತು, ಕೈಯಲ್ಲಿ ಯಾರಿದ್ದರು? ಅಷ್ಟೇ.

2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ನಡೆದ ಮಹಿಳೆಯರ ವಿಶ್ವಕಪ್ ಫೈನಲ್ ನಿಮ್ಮಲ್ಲಿ ಬಹಳ ಮಂದಿ ನೋಡಿರಬೇಕು. ಶಫಾಲಿ ವರ್ಮಾ ಮೊದಲ ತಂಡದಲ್ಲಿ ಇರಲೇ ಇಲ್ಲ. ಪ್ರತಿಕಾ ರಾವಲ್ ಗಾಯಗೊಂಡಿದ್ದರಿಂದ ಸೆಮಿಫೈನಲ್ಲಿಗೆ ಬಂದ ಹುಡುಗಿ. ಫೈನಲ್ಲಿನಲ್ಲಿ 87 ರನ್ ಹೊಡೆದಳು. ಬೌಲಿಂಗ್ ಅವಳ ಕಸುಬೇ ಅಲ್ಲ. ಆದರೂ ಹರ್ಮನ್‌ಪ್ರೀತ್ ಕೌರ್ ಅವಳ ಕೈಗೆ ಚೆಂಡು ಕೊಟ್ಟರು, ಅವಳು ಬಂದವಳೇ ಎರಡು ವಿಕೆಟ್ ಕಿತ್ತಳು. ಭಾರತ 52 ರನ್ನಿನಿಂದ ಗೆದ್ದಿತು. ಅವಳ ಆ ಓವರುಗಳಲ್ಲಿ ಇಪ್ಪತ್ತು ರನ್ ಹೋಗಿದ್ದರೆ ಇದೇ ಚಹಾದಂಗಡಿ ಹರ್ಮನ್‌ಗೆ ತಲೆಕೆಟ್ಟಿದೆ ಎನ್ನುತ್ತಿತ್ತು. ಆದರೆ ಅಂದು ಯಾರ ಮೈಯಲ್ಲಿ ಉಮೇದು ಉಕ್ಕುತ್ತಿತ್ತೆಂದು ಹರ್ಮನ್ ಕಣ್ಣಾರೆ ನೋಡಿದ್ದರು. ಚೆಂಡು ಕೊಟ್ಟದ್ದು ವಿಕೆಟ್ ಬೀಳುವ ಮೊದಲೇ ಸರಿಯಾಗಿತ್ತು. (ಒನಕೆ ಓಬವ್ವ ನಮ್ಮೂರ ಮಗಳು ಎನ್ನುತ್ತಾರೆ. ಚಿತ್ರದುರ್ಗದ ಕಾವಲುಗಾರರ ಪಟ್ಟಿಯಲ್ಲಿ ಆಕೆಯ ಹೆಸರೆಲ್ಲಿತ್ತು? ಗಂಡ ಉಣ್ಣಲು ಕೂತಿದ್ದ, ಕಿಂಡಿಯ ಹತ್ತಿರ ಇದ್ದವಳು ಆಕೆ.)

ಈ ತಕ್ಕಡಿಯಲ್ಲಿ ನಾನು ಕೂರಿಸಬೇಕೆಂದಿರುವುದು ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಅವರನ್ನು. ಆಟಗಾರನನ್ನಲ್ಲ, ಅದರಲ್ಲಿ ಎರಡು ಮಾತಿಲ್ಲ, ನಾಯಕನನ್ನು. 25 ಟೆಸ್ಟುಗಳಲ್ಲಿ 8 ಗೆಲುವು, 6 ಸೋಲು. 2006ರಲ್ಲಿ ವೆಸ್ಟ್ ಇಂಡೀಸಿನಲ್ಲಿ ಸರಣಿ ಗೆದ್ದರು, 1971ರ ನಂತರ ಅಲ್ಲಿ ಅದೇ ಮೊದಲು. 2007ರಲ್ಲಿ ಇಂಗ್ಲೆಂಡಿನಲ್ಲಿ ಗೆದ್ದರು, 1986ರ ನಂತರ ಅದೇ ಮೊದಲು. ಇಷ್ಟಾದರೂ ಒಳ್ಳೆಯ ನಾಯಕರ ಹೆಸರು ಹೇಳುವಾಗ ಜನ ಅವರ ಹೆಸರನ್ನು ನುಂಗಿಬಿಡುತ್ತಾರೆ.

ಬೈಯುವವರು ಬೈಯುವುದು ಎರಡು ಸಂಗತಿಗೆ. 2004ರಲ್ಲಿ ಮುಲ್ತಾನಿನಲ್ಲಿ ಗಂಗೂಲಿಯ ಬದಲು ನಾಯಕರಾಗಿದ್ದಾಗ ಸಚಿನ್ 194ರಲ್ಲಿರುವಾಗಲೇ ಇನಿಂಗ್ಸ್ ಮುಗಿಸಿಬಿಟ್ಟರು ಎಂಬುದು ಒಂದು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊತ್ತ ಆಗಲೇ 675 ಆಗಿತ್ತು, ಪಂದ್ಯ ಇನಿಂಗ್ಸ್ ಮತ್ತು 52 ರನ್ನಿನಿಂದ ಗೆದ್ದಾಯಿತು, ಊಟಕ್ಕೆ ಕೂತವರೆಲ್ಲರೂ ಏಳುವ ಹೊತ್ತಿಗೆ ಏಳಲೇಬೇಕು. ಇನ್ನೊಂದು 2007ರ ಓವಲ್ ಟೆಸ್ಟ್. 319 ರನ್ನುಗಳ ಮುನ್ನಡೆ ಇದ್ದರೂ ಇಂಗ್ಲೆಂಡಿಗೆ ಫಾಲೋ ಆನ್ ಕೊಡದೆ ತಾವೇ ಮತ್ತೆ ಬ್ಯಾಟ್ ಮಾಡಿದರು, ಪಂದ್ಯ ಡ್ರಾ ಆಯಿತು. ಹೇಡಿತನ ಎಂದರು. ನನಗೆ ಹಾಗನಿಸಲಿಲ್ಲ. ಸರಣಿಯಲ್ಲಿ 1-0 ಮುಂದಿದ್ದರು, ಡ್ರಾ ಆದರೂ ಗೆಲುವು ಮನೆಗೆ ಬರುತ್ತಿತ್ತು, ಬೌಲರುಗಳು ದಣಿದಿದ್ದರು. ತಿಂಗಳ ಸಂಬಳ ಬಂದ ಕೂಡಲೇ ಬಾಡಿಗೆಯ ದುಡ್ಡನ್ನು ಎತ್ತಿಡುವ ಹೆಂಗಸಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಎರಡನೆಯ ಇನಿಂಗ್ಸಿನಲ್ಲಿ ಅವರು 96 ಎಸೆತಕ್ಕೆ 12 ರನ್ ಮಾಡಿದ್ದು ನೋಡಿ, ಬಾಡಿಗೆ ಎತ್ತಿಟ್ಟ ಮೇಲೂ ಮಕ್ಕಳಿಗೆ ಒಂದು ಬಿಸ್ಕತ್ತಿನ ಪೊಟ್ಟಣ ತರಬಾರದೇ ಎನ್ನಿಸಿದ್ದು ನಿಜ.

ಅವರು ಎಡವಿದ್ದು ಇಲ್ಲಿ ಅಲ್ಲ. ಯಾರನ್ನು ಯಾವ ಕ್ರಮಾಂಕದಲ್ಲಿ ಆಡಿಸುವುದು ಎಂಬಲ್ಲಿ ಎಡವಿದರು. ಮೊದಮೊದಲು ಅದು ಚೆನ್ನಾಗಿಯೇ ಇತ್ತು. 2005ರ ಅಕ್ಟೋಬರಿನಲ್ಲಿ ಶ್ರೀಲಂಕಾ ಬಂದಾಗ ನಾಗಪುರದಲ್ಲಿ ಬೌಲರ್ ಇರ್ಫಾನ್ ಪಠಾಣರನ್ನು ಮೂರನೆಯವರಾಗಿ ಕಳಿಸಿದರು, 83 ಹೊಡೆದರು. ಜೈಪುರದಲ್ಲಿ ಧೋನಿಯನ್ನು ಅದೇ ಜಾಗಕ್ಕೆ ಕಳಿಸಿದರು, ಔಟಾಗದೆ 183. ಹೊಸ ಗಾಳಿ ಬೀಸಿತೆಂದು ನಾವೆಲ್ಲ ಹಿಗ್ಗಿದೆವು. ಆದರೆ ಪಾತ್ರೆ ಜಾಗ ಬದಲಿಸುವುದೇ ಚಟವಾದರೆ ಅವಸರಕ್ಕೆ ಸೌಟು ಕೈಗೆ ಸಿಗುವುದಿಲ್ಲ.

2007ರ ಜನವರಿಯ ಕೇಪ್‌ಟೌನ್ ಟೆಸ್ಟನ್ನೇ ನೋಡಿ. ಸರಣಿ 1-1. ಮೊದಲ ಇನಿಂಗ್ಸಿನಲ್ಲಿ ಜಾಫರ್ ಮತ್ತು ಕಾರ್ತಿಕ್ ಆರಂಭಿಸಿ ನೂರಕ್ಕೂ ಹೆಚ್ಚು ರನ್ನಿನ ಜೊತೆಯಾಟ ಆಡಿದ್ದರು, 41 ರನ್ ಮುನ್ನಡೆಯೂ ಸಿಕ್ಕಿತ್ತು. ಎರಡನೆಯ ಸಲ ಆ ಜೋಡಿಯನ್ನು ಮುರಿದು ಸೆಹವಾಗರನ್ನು ಕಳಿಸಿದರು. 6 ರನ್ನಿಗೆ ಎರಡು ವಿಕೆಟ್ ಹೋಯಿತು. ಮುಂದೆ ಬರಬೇಕಾದವರು ಸಚಿನ್. ಅವರು ಫೀಲ್ಡಿಂಗ್ ವೇಳೆ ಹೊರಗೆ ಹೋಗಿದ್ದರಿಂದ ನಿಯಮದ ಪ್ರಕಾರ ಆಗ ಇಳಿಯುವಂತಿರಲಿಲ್ಲ. ಅದು ಯಾರಿಗೂ ನೆನಪಿರಲಿಲ್ಲ. ಮೈದಾನದಲ್ಲಿ ಎದುರಾಳಿಗಳು ಕಾಯುತ್ತ ನಿಂತರು, ಕೊನೆಗೆ ಗಂಗೂಲಿ ಗಡಿಬಿಡಿಯಲ್ಲಿ ಓಡಿಬಂದರು. 169ಕ್ಕೆ ಎಲ್ಲ ಔಟ್. ಸರಣಿ ಹೋಯಿತು. ನನ್ನ ತಕ್ಕಡಿಯಲ್ಲಿ ಓವಲ್ಲಿಗಿಂತ ಇದು ಹತ್ತು ಪಟ್ಟು ಭಾರ. ಏಕೆಂದರೆ ತಿಳಿಯಬೇಕಾದದ್ದೆಲ್ಲ ಆ ಬೆಳಿಗ್ಗೆ ಕೈಯಲ್ಲೇ ಇತ್ತು.

ಎರಡು ತಿಂಗಳ ನಂತರ ವೆಸ್ಟ್ ಇಂಡೀಸಿನ ವಿಶ್ವಕಪ್. 1994ರಿಂದ ಒಂದು ದಿನದ ಪಂದ್ಯಗಳಲ್ಲಿ ಆರಂಭಿಕರಾಗಿ ಹೆಸರಾದ ಸಚಿನ್ ನಾಲ್ಕನೆಯವರಾಗಿ ಬಂದರು. ಜನವರಿಯಲ್ಲಿ ವಡೋದರಾದಲ್ಲಿ ಮಧ್ಯಮ ಕ್ರಮಾಂಕದಲ್ಲೇ ಶತಕ ಹೊಡೆದಿದ್ದರಲ್ಲ ಎಂಬ ವಾದ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಬಾಂಗ್ಲಾದೇಶದೆದುರು 7, ಶ್ರೀಲಂಕಾದೆದುರು ಸೊನ್ನೆ, ಎರಡರಲ್ಲೂ ಸೋಲು. ಒಂದು ವಾರದಲ್ಲಿ ಗಂಟುಮೂಟೆ ಕಟ್ಟಿದ್ದಾಯಿತು. ಇದೆಲ್ಲ ಕೋಚ್ ಗ್ರೆಗ್ ಚಾಪೆಲ್ ಮಾಡಿದ್ದು ಎಂದು ನಮ್ಮ ಕನ್ನಡಿಗನನ್ನು ಉಳಿಸಿಕೊಳ್ಳುವವರು ಇದ್ದಾರೆ. ರೊಟ್ಟಿ ಸೀದದ್ದಕ್ಕೆ ಒಲೆಯನ್ನು ಬೈದ ಹಾಗೆ! ಮೈದಾನಕ್ಕೆ ಇಳಿಯುವವನು ನಾಯಕ.

ಇಷ್ಟು ಜಾಣನಾದ, ಇಷ್ಟು ಸಜ್ಜನನಾದ ಮನುಷ್ಯ ಹೀಗೇಕೆ ಮಾಡಿದರು? ನನಗೆ ಉತ್ತರ ಸಿಗುವುದು 2001ರ ಕೋಲ್ಕತ್ತಾದಲ್ಲಿ. ಫಾಲೋ ಆನ್ ಆದ ಹೊತ್ತು ದ್ರಾವಿಡರ ಮೂರನೆಯ ಜಾಗವನ್ನು ಲಕ್ಷ್ಮಣರಿಗೆ ಕೊಟ್ಟು ಇವರನ್ನು ಆರನೆಯ ಜಾಗಕ್ಕೆ ಇಳಿಸಿದರು. ಮುಖ ಸಿಂಡರಿಸದೆ ಹೋಗಿ 180 ಹೊಡೆದರು. ಲಕ್ಷ್ಮಣರ 281ರ ಜೊತೆ ಆ ಟೆಸ್ಟ್ ಗೆದ್ದಿತು. 2003ರ ವಿಶ್ವಕಪ್ಪಿಗೆ ಒಬ್ಬ ದಾಂಡಿಗ ಹೆಚ್ಚು ಬೇಕೆಂದಾಗ ಕೀಪರ್ ಗ್ಲೌಸ್ ತೊಟ್ಟರು. ಆರಂಭಿಸು ಎಂದಾಗ ಆರಂಭಿಸಿದರು.

ನಮ್ಮ ಕೂಡುಕುಟುಂಬಗಳಲ್ಲಿ ಇಂಥ ಹಿರಿಸೊಸೆಯರನ್ನು ನೀವು ಕಂಡಿರುತ್ತೀರಿ. ರೊಟ್ಟಿ ಬಡಿ ಎಂದರೆ ರೊಟ್ಟಿ, ಹೊಲಕ್ಕೆ ಬುತ್ತಿ ಒಯ್ಯಿ ಎಂದರೆ ಬುತ್ತಿ, ಬಾಣಂತಿಯ ಬಳಿ ಮಲಗು ಎಂದರೆ ಅಲ್ಲಿ. ಒಂದು ದಿನ ಕೀಲಿಕೈ ಅವಳ ಸೊಂಟಕ್ಕೆ ಬರುತ್ತದೆ. ಆಗ ಕಿರಿಸೊಸೆ 'ಇದು ನನ್ನ ಕೈಲಾಗದಕ್ಕ' ಎಂದರೆ ಅವಳಿಗೆ ಸಿಟ್ಟು ಬರುವುದಿಲ್ಲ, ಆಶ್ಚರ್ಯವಾಗುತ್ತದೆ. 'ನಾನು ಮಾಡಲಿಲ್ಲೇನವ್ವಾ?' ಆ ಆಶ್ಚರ್ಯ ಸಿಟ್ಟಿಗಿಂತ ಕಠೋರ. ದ್ರಾವಿಡರ ನಾಯಕತ್ವದಲ್ಲಿ ನನಗೆ ಕಂಡದ್ದು ಅದು. ಕೆಲವರಿಗೆ ತಮ್ಮ ಜಾಗವೇ ಅರ್ಧ ಬಲ ಎಂಬುದು, ಎಲ್ಲ ಜಾಗದಲ್ಲೂ ಬೇರು ಬಿಟ್ಟವರಿಗೆ ಹೊಳೆಯುವುದು ಕಷ್ಟ. 2007ರ ಸೆಪ್ಟೆಂಬರಿನಲ್ಲಿ ನಾಯಕತ್ವ ಬಿಟ್ಟರು.

2021ರಿಂದ 2024ರವರೆಗೆ ಕೋಚ್ ಆಗಿ ಬಂದವರು ಬೇರೆಯೇ ಮನುಷ್ಯ. 2024ರ ಟಿ-20 ವಿಶ್ವಕಪ್, ಅದೇ ವೆಸ್ಟ್ ಇಂಡೀಸ್. ಆರಂಭಿಕ ಕೊಹ್ಲಿ ಫೈನಲ್ಲಿಗೆ ಮೊದಲಿನ ಏಳು ಇನಿಂಗ್ಸಿನಲ್ಲಿ ಒಟ್ಟು 75 ರನ್. 2007ರ ದ್ರಾವಿಡ್ ಆಗಿದ್ದರೆ ಅವರನ್ನು ಕೆಳಗಿಳಿಸುತ್ತಿದ್ದರೋ ಏನೋ. ಈ ಸಲ ಅವರೂ ನಾಯಕ ರೋಹಿತ್ ಶರ್ಮಾ ಅವರೂ ಕೊಹ್ಲಿಯ ಜಾಗ ಮುಟ್ಟಲಿಲ್ಲ, 76 ಬಂತು. ಎಲ್ಲಿಗೆ ಕಳಿಸಿದರೂ ಹೋಗುವ ಅಕ್ಷರ್ ಪಟೇಲರನ್ನು ಐದನೆಯವರಾಗಿ ಕಳಿಸಿದರು, 31 ಎಸೆತಕ್ಕೆ 47. ಏಳು ರನ್ನಿನಿಂದ ಗೆದ್ದರು. ಯಾರನ್ನು ಸರಿಸಬಹುದು, ಯಾರನ್ನು ಸರಿಸಬಾರದು ಎಂಬುದು ಅಷ್ಟರಲ್ಲಿ ತಿಳಿದಿತ್ತು.

ಆದರೆ ಒಂದು ಬಾಕಿ ನನ್ನ ಲೆಕ್ಕದ ಪುಸ್ತಕದಲ್ಲಿ ಹಾಗೇ ಉಳಿದಿದೆ. 2023ರ ಜೂನ್‌ನಲ್ಲಿ ಓವಲ್‌ನಲ್ಲಿ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್. ಮೋಡ ಕವಿದಿದೆ, ಹುಲ್ಲಿದೆ ಎಂದು ಆಗ ಜಗತ್ತಿನ ಒಂದನೆಯ ಟೆಸ್ಟ್ ಬೌಲರ್ ಆಗಿದ್ದ ಅಶ್ವಿನ್‌ರನ್ನು ಹೊರಗೆ ಕೂರಿಸಿದರು. ಆಸ್ಟ್ರೇಲಿಯಾ 209 ರನ್ನಿನಿಂದ ಗೆದ್ದಿತು. ಸೋಲು ಹಾಗಿರಲಿ, ಅದನ್ನು ಹಿಡಿದು ಮಾತಾಡುವುದಿಲ್ಲ. ಆದರೆ ಆಸ್ಟ್ರೇಲಿಯಾದ ಮೊದಲ ಏಳು ಜನರಲ್ಲಿ ನಾಲ್ವರು ಎಡಗೈ ದಾಂಡಿಗರು, ಎಡಗೈಯವರೆಂದರೆ ಅಶ್ವಿನ್‌ಗೆ ಹಬ್ಬ. ಪಂದ್ಯ ಶುರುವಾಗುವ ಮೊದಲೇ ಈ ಎರಡೂ ಎಲ್ಲರಿಗೂ ಗೊತ್ತಿದ್ದವು.