ತಾಸಿನ ಹಂಗಿಲ್ಲದ ಗಂಟು

ಚಂಡಮಾರುತದ ದಿನಗಳಲ್ಲಿ ನಮ್ಮ ಪತ್ರಿಕೆ, ಟಿ.ವಿ.ಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಎದುರಾಗುತ್ತದೆ. ‘ಗಂಟೆಗೆ ಇಷ್ಟು ನಾಟ್ ವೇಗದ ಗಾಳಿ’ ಎಂದು ಬರೆಯುತ್ತಾರೆ, ಓದುತ್ತಾರೆ. ಒಂದು ನಾಟ್ ಅಂದರೇ ಗಂಟೆಗೆ ಒಂದು ಕಡಲ ಮೈಲಿ. ಗಂಟೆ ಅದರ ಹೊಟ್ಟೆಯಲ್ಲೇ ಇದೆ. ಇನ್ನೊಂದು ಗಂಟೆಯನ್ನು ತಂದು ಅದರ ಕೊರಳಿಗೆ ಕಟ್ಟಿದರೆ ಅದು ವೇಗವಾಗಿ ಉಳಿಯುವುದಿಲ್ಲ, ವೇಗ ಏರುವ ಪ್ರಮಾಣವಾಗಿಬಿಡುತ್ತದೆ.

ತಪ್ಪು ಸಣ್ಣದು. ಅದರ ಹಿಂದಿರುವ ಉದಾಸೀನ ಸಣ್ಣದಲ್ಲ. ಕನ್ನಡದಲ್ಲಿ ಅಳತೆ–ಮಾನಗಳ ಬಗ್ಗೆ ಬರೆಯುವವರು ಮೀಟರಿಗೆ ಅಧ್ಯಾಯ ಕೊಡುತ್ತಾರೆ, ಯೋಜನಕ್ಕೆ ಅಭಿಮಾನ ಕೊಡುತ್ತಾರೆ, ನಾಟ್‌ಗೆ ಮಾತ್ರ ಆವರಣದಲ್ಲಿ ಒಂದು ಸಾಲು: ನಾವಿಕರ ಹಳೆಯ ರೂಢಿ, 1.852ರಿಂದ ಗುಣಿಸಿ ಕಿಲೋಮೀಟರ್ ಮಾಡಿಕೊಳ್ಳಿ. ನಾನು ಇದನ್ನು ಒಪ್ಪುವುದಿಲ್ಲ. ವೇಗ ಅಳೆಯಲು ಮನುಷ್ಯ ಕಟ್ಟಿದ ಮಾನಗಳಲ್ಲಿ ಇದರಷ್ಟು ಚೊಕ್ಕವಾಗಿ ಕಟ್ಟಿದ್ದು ನನಗೆ ಬೇರೆ ಕಂಡಿಲ್ಲ.

ವಿಜಯಪುರದಲ್ಲಿ ಕುಳಿತವನಿಗೆ ಕಡಲಿನ ಅಳತೆ ಯಾಕೆ ಎಂದು ಕೇಳುವವರಿದ್ದಾರೆ. ಗೋವೆ 1510ರಲ್ಲಿ ಅಲ್ಬುಕರ್ಕನ ಪಾಲಾಗುವವರೆಗೆ ಈ ಊರಿನ ಆದಿಲಶಾಹಿಗಳದ್ದಾಗಿತ್ತು. ಆಮೇಲೂ ದಾಭೋಳದಂಥ ಬಂದರುಗಳು ಅವರ ಕೈಯಲ್ಲಿದ್ದವು. 1963ರಿಂದ ಇಲ್ಲಿನ ಸೈನಿಕ ಶಾಲೆಯ ಹುಡುಗರು ನೌಕಾಪಡೆಗೂ ವಾಯುಪಡೆಗೂ ಹೋಗುತ್ತಿದ್ದಾರೆ. ಇಷ್ಟು ಸಾಕು.

1852 ಮೀಟರ್ ಎಂಬ ಅಂಕಿ 1929ರಲ್ಲಿ ಮೊನಾಕೊದ ಸಮ್ಮೇಳನದಲ್ಲಿ ಗೊತ್ತಾದದ್ದು ಎಂಬುದು ಎಲ್ಲ ಪುಸ್ತಕಗಳಲ್ಲಿದೆ. ನನಗೆ ಮುಖ್ಯ ಅಂಕಿಯಲ್ಲ, ಹಗ್ಗ.

ಹಡಗಿನ ಹಿಂಬದಿಯಲ್ಲಿ ನಿಂತು ಒಂದು ಹಲಗೆಯನ್ನು ನೀರಿಗೆ ಬಿಡುತ್ತಿದ್ದರು. ಹಲಗೆ ವೃತ್ತದ ಕಾಲು ಭಾಗದ ಆಕಾರದ್ದು, ರೊಟ್ಟಿಯನ್ನು ನಾಲ್ಕು ತುಂಡು ಮಾಡಿದರೆ ಒಂದು ತುಂಡು ಕಾಣುವ ಹಾಗೆ. ಬಾಗಿದ ಅಂಚಿಗೆ ಸೀಸ ಕೂರಿಸಿರುವುದರಿಂದ ಅದು ನೀರಲ್ಲಿ ಮಲಗದೆ ನಿಲ್ಲುತ್ತದೆ. ನಿಂತದ್ದರಿಂದ ನೀರು ಅದನ್ನು ಹಿಡಿದುಕೊಳ್ಳುತ್ತದೆ. ಮೂರು ಮೂಲೆಗೆ ಮೂರು ಎಳೆ, ಅದರಲ್ಲಿ ಒಂದು ಎಳೆ ಬರಿಯ ಗೂಟಕ್ಕೆ ಸಿಕ್ಕಿಸಿದ್ದು. ಅಳತೆ ಮುಗಿದ ಮೇಲೆ ಹಗ್ಗವನ್ನು ಜಗ್ಗಿದರೆ ಗೂಟ ಕಳಚಿ ಹಲಗೆ ಅಡ್ಡ ಬೀಳುತ್ತದೆ, ಎಳೆದುಕೊಳ್ಳುವುದು ಹಗುರ. ಹಗ್ಗದ ಮೊದಲ ಭಾಗಕ್ಕೆ ಲೆಕ್ಕವಿಲ್ಲ. ಹಡಗಿನ ಹಿಂದಿನ ಕದಡಿದ ನೀರನ್ನು ದಾಟಲು ಬಿಟ್ಟದ್ದು ಅದು. ಅಲ್ಲಿಂದಾಚೆ ಒಂದು ಬಟ್ಟೆಯ ಚೂರು. ಬಟ್ಟೆ ಕೈ ದಾಟಿದ ಕ್ಷಣ ಇನ್ನೊಬ್ಬ ಮರಳಿನ ಗಡಿಯಾರವನ್ನು ತಿರುವಿ ಹಾಕುತ್ತಾನೆ. ಮರಳು ಇಳಿಯಲು 28 ಸೆಕೆಂಡು. ಹಗ್ಗದಲ್ಲಿ 47 ಅಡಿ 3 ಇಂಚಿಗೊಂದು ಗಂಟು. ಮರಳು ಮುಗಿದಾಗ ಎಷ್ಟು ಗಂಟು ಕೈಯಿಂದ ಜಾರಿ ಹೋಗಿವೆಯೋ ಹಡಗಿನ ವೇಗ ಅಷ್ಟು.

ಈ ಜೋಡಣೆಯ ಚಂದ ನೋಡಿ. ಒಂದು ಗಂಟೆಯ 3600 ಸೆಕೆಂಡಿನಲ್ಲಿ 28 ಎಷ್ಟನೆಯ ಪಾಲೋ, ಕಡಲ ಮೈಲಿಯ 6080 ಅಡಿಯಲ್ಲಿ 47 ಅಡಿ 3 ಇಂಚು ಹೆಚ್ಚುಕಡಿಮೆ ಅಷ್ಟನೆಯ ಪಾಲೇ. ಭಾಗಾಕಾರವನ್ನು ಗಂಟು ಕಟ್ಟುವಾಗಲೇ ಮಾಡಿ ಮುಗಿಸಿದ್ದಾರೆ. ಅಕ್ಷರ ಬಾರದ ಖಲಾಸಿಯೂ ಕತ್ತಲಲ್ಲಿ, ಮಳೆಯಲ್ಲಿ, ಬೆರಳಿನಿಂದ ಮುಟ್ಟಿ ವೇಗವನ್ನು ಎಣಿಸಬಹುದಿತ್ತು. ನಮ್ಮೂರಿನವರ ಕಣ್ಣಿಗೆ ಕಟ್ಟುವಂತೆ ಹೇಳುವುದಾದರೆ: ಗೋಲಗುಮ್ಮಟದ ಗುಮ್ಮಟದ ಹೊರ ಅಗಲ ಸುಮಾರು 44 ಮೀಟರ್. ಅಷ್ಟಗಲವನ್ನು 28 ಸೆಕೆಂಡಿನಲ್ಲಿ ದಾಟುವ ಹಡಗಿನ ವೇಗ ಮೂರು ಗಂಟು.

ಇದನ್ನು ಪುಸ್ತಕದಲ್ಲಿ ಓದಿ ತಲೆದೂಗುವುದು ಸುಲಭ. ಕಳೆದ ವರ್ಷ ಬಬಲೇಶ್ವರದ ಕಡೆ ಕಾಲುವೆಗೆ ನೀರು ಬಿಟ್ಟಿದ್ದಾಗ ಗೆಳೆಯನೊಬ್ಬನ ಜೊತೆ ಮಾಡಿಯೇ ನೋಡಿದೆ. ಟಿಕೋಟಾದಲ್ಲಿರುವ ಅವನ ದ್ರಾಕ್ಷಿ ಪಡದಿಂದ ಬಳ್ಳಿ ಕಟ್ಟುವ ಸುತಳಿ ತಂದೆವು. ಹಳೆಯ ಹಲಗೆಯೊಂದನ್ನು ಕೊಯ್ದು, ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಅಂಚಿಗೆ ಬಿಗಿದೆವು. 14.4 ಮೀಟರಿಗೊಂದು ಗಂಟು. ಮರಳಿನ ಬದಲು ಮೊಬೈಲು. ಕಡಲಲ್ಲಿ ನೀರು ನಿಂತು ಹಡಗು ಓಡುತ್ತದೆ; ಇಲ್ಲಿ ನಾವು ಸೇತುವೆಯ ಮೇಲೆ ನಿಂತೆವು, ನೀರು ಓಡಿತು. ಲೆಕ್ಕ ಎರಡಕ್ಕೂ ಒಂದೇ.

ಮೊದಲ ಸಲ ಹಲಗೆ ಮಗುಚಿತು. ಎರಡನೆಯ ಸಲ ಸುತಳಿ ಸಿಕ್ಕುಬಿತ್ತು. ಹಡಗಿನಲ್ಲಿ ಒಬ್ಬ ಆಳು ಹಗ್ಗ ಸುತ್ತಿದ ರಾಟೆಯನ್ನು ತಲೆಯ ಮೇಲೆತ್ತಿ ಹಿಡಿದೇ ನಿಲ್ಲುತ್ತಿದ್ದುದು ಯಾಕೆಂದು ಆಗ ತಿಳಿಯಿತು. ನಾಲ್ಕನೆಯ ಸಲಕ್ಕೆ ಸರಿಯಾಗಿ ಬಂತು. ಒಂದು ಗಂಟು ಬೆರಳು ದಾಟಿ, ಅದರಾಚೆ ಎರಡು ಮಾರು ಸುತಳಿ ಹೋದಾಗ 28 ಸೆಕೆಂಡು ಮುಗಿಯಿತು. ಒಂದೂಕಾಲು ಗಂಟು. ಆಮೇಲೆ ಒದ್ದೆ ಸುತಳಿಗೆ ಟೇಪು ಹಿಡಿದರೆ ಗಂಟುಗಳ ನಡುವಿನ ಅಂತರ ಸುಮಾರು ಒಂದು ಗೇಣು ಕುಗ್ಗಿತ್ತು. ಹಗ್ಗವನ್ನು ನೆನೆಸಿದ ಮೇಲೆಯೇ ಗಂಟು ಗುರುತಿಸಬೇಕು ಎಂದು ಹಳೆಯ ನಾವಿಕರು ಹೇಳುತ್ತಿದ್ದದ್ದನ್ನು ನಾನು ಓದಿದ್ದೆ, ಮರೆತಿದ್ದೆ.

ದೋಷಗಳಿಲ್ಲವೆಂದು ನಾನು ಹೇಳುವುದಿಲ್ಲ. ಮರಳು ತೇವಕ್ಕೆ ನಿಧಾನವಾಗುತ್ತದೆ. ವರ್ಷಗಟ್ಟಲೆ ಸುರಿದು ಸುರಿದು ಕಿಂಡಿ ಸವೆದರೆ ಬೇಗ ಮುಗಿಯುತ್ತದೆ. ಹಗ್ಗಕ್ಕೆ ಗೊತ್ತಾಗುವುದು ನೀರಿನ ಮೇಲಿನ ಓಟ ಮಾತ್ರ, ನೀರೇ ಹರಿಯುತ್ತಿದ್ದರೆ ಅದಕ್ಕೆ ತಿಳಿಯದು. ವಿಲಿಯಂ ಬೋರ್ನ್ ಈ ವಿಧಾನವನ್ನು ಪುಸ್ತಕದಲ್ಲಿ ಬರೆದದ್ದು 1574ರಲ್ಲಿ, ಇಲ್ಲಿ ಒಂದನೆಯ ಅಲಿ ಆದಿಲಶಾಹಿ ಆಳುತ್ತಿದ್ದಾಗ. ಆಮೇಲೆ ಬಹಳ ಕಾಲ ನಾವಿಕರು 30 ಸೆಕೆಂಡಿಗೆ 42 ಅಡಿಯ ಗಂಟು ಬಳಸಿದರು. ಹಾಗೆ ಮಾಡಿದರೆ ಮೈಲಿ 5040 ಅಡಿಯಷ್ಟೇ ಆಗುತ್ತದೆ. ರಿಚರ್ಡ್ ನಾರ್ವುಡ್ ಲಂಡನ್ನಿನಿಂದ ಯಾರ್ಕಿನವರೆಗೆ ಸರಪಳಿ ಎಳೆದು, ಕೆಲವೆಡೆ ಹೆಜ್ಜೆ ಎಣಿಸಿ, ಭೂಮಿಯ ಒಂದು ಡಿಗ್ರಿ ಎಷ್ಟುದ್ದ ಎಂದು ಕಂಡುಕೊಂಡು 1637ರಲ್ಲಿ ಆ ಗಂಟು ಗಿಡ್ಡ ಎಂದು ತೋರಿಸಿದ. ಆದರೂ ಹಡಗಿನವರು ಬೇಗ ಬದಲಾಗಲಿಲ್ಲ. ಗಿಡ್ಡ ಗಂಟು ವೇಗವನ್ನು ಹೆಚ್ಚು ತೋರಿಸುತ್ತದೆ. ದಡ ಇರುವುದಕ್ಕಿಂತ ಹತ್ತಿರವಿದೆ ಎಂದು ನಂಬಿಸುತ್ತದೆ. ಹಾಗೆ ನಂಬಿದವನು ಮುಂಚೆಯೇ ಎಚ್ಚರವಾಗಿ ಬಂಡೆಯಿಂದ ಉಳಿಯುತ್ತಾನೆ ಎಂಬುದು ಅವರ ವಾದ. ತಪ್ಪನ್ನು ಯಾವ ಕಡೆಗೆ ವಾಲಿಸಿದರೆ ಜೀವ ಉಳಿಯುತ್ತದೆ ಎಂದು ಯೋಚಿಸಿದ ಜನ ಅವರು. ಲೆಕ್ಕದಲ್ಲಿ ನಾರ್ವುಡ್ ಸರಿ. ಆದರೂ ಅವರನ್ನು ದಡ್ಡರೆಂದು ಕರೆಯಲು ನನಗೆ ಮನಸ್ಸಿಲ್ಲ.

ಈಗ ಜಗಳದ ಮಾತಿಗೆ ಬರುತ್ತೇನೆ.

ದಶಮಾನ ಪದ್ಧತಿಯ ಪಕ್ಷಪಾತಿಗಳು ಕಡಲ ಮೈಲಿಯನ್ನು ಬ್ರಿಟಿಷರ ಬಳುವಳಿ ಎನ್ನುತ್ತಾರೆ, ಕಿಲೋಮೀಟರ್ ವಿಜ್ಞಾನದ ಕೂಸು ಎನ್ನುತ್ತಾರೆ. ಎರಡೂ ಭೂಮಿಯ ಕೂಸುಗಳೇ. ಧ್ರುವದಿಂದ ಭೂಮಧ್ಯರೇಖೆಯವರೆಗಿನ ದೂರವನ್ನು ಒಂದು ಕೋಟಿ ಪಾಲು ಮಾಡಿ ಫ್ರೆಂಚರು ಮೀಟರ್ ಪಡೆದರು. ಅದಕ್ಕೆ ಹೊಂದುವಂತೆ ವೃತ್ತಕ್ಕೆ 400 ಭಾಗ ಮಾಡಲು ನೋಡಿದರು. ಜನ ಒಪ್ಪಲಿಲ್ಲ, ವೃತ್ತ 360 ಡಿಗ್ರಿಯಲ್ಲೇ ಉಳಿಯಿತು. ಹೀಗಾಗಿ ಕಿಲೋಮೀಟರಿಗೂ ನಕಾಶೆಯ ಡಿಗ್ರಿಗೂ ತಾಳ ತಪ್ಪಿತು. ಕಡಲ ಮೈಲಿ ಮಾತ್ರ ಡಿಗ್ರಿಯ ಅರವತ್ತನೆಯ ಪಾಲು, ಒಂದು ಕಲೆ. ಗೋಲಗುಮ್ಮಟ ಇರುವುದು 16 ಡಿಗ್ರಿ 50 ಕಲೆ ಉತ್ತರದಲ್ಲಿ. ಹದಿನಾರನ್ನು ಅರವತ್ತರಿಂದ ಗುಣಿಸಿ ಐವತ್ತು ಕೂಡಿಸಿ: ಭೂಮಧ್ಯರೇಖೆ ಇಲ್ಲಿಂದ ನೇರ ದಕ್ಷಿಣಕ್ಕೆ 1010 ಕಡಲ ಮೈಲಿ. 60 ಗಂಟಿನ ವೇಗದ ವಿಮಾನಕ್ಕೆ ನಿಮಿಷಕ್ಕೊಂದು ಮೈಲಿ, ತಾಸಿಗೊಂದು ಡಿಗ್ರಿ. ಚೀನಾ, ರಷ್ಯಾಗಳು ವಿಮಾನ ನಿಲ್ದಾಣದ ಗಾಳಿಯನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಹೇಳುತ್ತವೆ, ನಿಜ. ಅವರ ವಿಮಾನವೂ ದಾರಿಯನ್ನು ನೋಡುವುದು ಡಿಗ್ರಿ, ಕಲೆಗಳಲ್ಲೇ.

ಕಲೆ ಎಂದೊಡನೆ ಇನ್ನೊಂದು ಬಣ ಎದ್ದು ನಿಲ್ಲುತ್ತದೆ, ಇದೆಲ್ಲ ನಮ್ಮಿಂದಲೇ ಹೋದದ್ದು ಎಂದು. ಅದಕ್ಕೂ ನನ್ನ ಒಪ್ಪಿಗೆಯಿಲ್ಲ. ನಾರ್ವುಡ್ಡನ ಸರಪಳಿಗೆ ನಾವು ಕೊಂಡಿ ಹಾಕಿಲ್ಲ. ಆದರೆ ಈ ಯೋಚನೆ ನಮಗೆ ಪರಕೀಯವಲ್ಲ ಎಂಬುದನ್ನು ನಾನು ಬಿಟ್ಟುಕೊಡುವುದಿಲ್ಲ. ಭೂಮಿ ಒಂದು ಪ್ರಾಣದಲ್ಲಿ, ಅಂದರೆ ನಾಲ್ಕು ಸೆಕೆಂಡಿನ ಒಂದು ಉಸಿರಿನಲ್ಲಿ, ಒಂದು ಕಲೆ ತಿರುಗುತ್ತದೆ ಎಂದು ಆರ್ಯಭಟ ಹೇಳಿದ. ವೃತ್ತಕ್ಕೆ 21,600 ಕಲೆ, ದಿನಕ್ಕೆ 21,600 ಉಸಿರು. ಆ ಎರಡನೆಯ ಅಂಕಿ ನಮ್ಮ ಮಠಗಳ, ಭಜನೆಗಳ ಮಾತಿನಲ್ಲಿ ಈಗಲೂ ಇದೆ. ಗಂಟೆಗೆ 900 ಉಸಿರಾದ್ದರಿಂದ ಭೂಮಧ್ಯರೇಖೆಯ ಮೇಲೆ ನೆಲ ತಿರುಗುವ ವೇಗ 900 ಗಂಟು. ನಮ್ಮ ಅಕ್ಷಾಂಶದಲ್ಲಿ ಸುಮಾರು 860. ಇದೇ ವೇಗವನ್ನು ಕಿಲೋಮೀಟರಿನಲ್ಲಿ ಹೇಳಿ ನೋಡಿ, ಉಸಿರಿನ ಲೆಕ್ಕ ಎಲ್ಲಿಯೂ ಕಾಣುವುದಿಲ್ಲ.

ಉಳಿದದ್ದು ಹೆಸರಿನ ಪ್ರಶ್ನೆ. ಹಗ್ಗದ ಮಾತು ಬಂದಾಗಿನಿಂದ ನಾನು ನಾಟ್ ಎನ್ನದೆ ‘ಗಂಟು’ ಎಂದೇ ಬರೆಯುತ್ತ ಬಂದಿದ್ದೇನೆ. ಇದಕ್ಕೆ ಆಕ್ಷೇಪ ಎರಡು. ಗಂಟು ಎಂದರೆ ಹಣದ ಗಂಟು, ಬಟ್ಟೆಯ ಗಂಟು, ಮೈಮೇಲಿನ ಗಂಟು. ಓದುಗ ಗಲಿಬಿಲಿಗೊಳ್ಳುತ್ತಾನೆ ಎಂಬುದು ಮೊದಲನೆಯದು. ಇಂಗ್ಲಿಷಿನಲ್ಲೂ ಅದು ಹಗ್ಗದ ಗಂಟಿನ ಮಾತೇ, ಅಲ್ಲಿನ ಓದುಗ ಗಲಿಬಿಲಿಗೊಂಡಿಲ್ಲ. ಕೂರಿಗೆ ಬಿತ್ತುವ ಸಾಧನ; ಎರಡು ಕೂರಿಗೆ ಹೊಲ ಎಂದರೆ ಅದನ್ನು ಸಾಧನವೆಂದು ನಮ್ಮಲ್ಲಿ ಯಾರೂ ತಿಳಿಯುವುದಿಲ್ಲ. ಘಳಿಗೆ ಮುಳುಗುವ ಬಟ್ಟಲಾಗಿತ್ತು, ಹೊತ್ತಾಯಿತು. ಅಳೆದ ಸಾಧನವೇ ಅಳತೆಯ ಹೆಸರಾಗುವುದು ನಮ್ಮ ಭಾಷೆಯ ಹಳೆಯ ನಡೆ.

ಎರಡನೆಯ ಆಕ್ಷೇಪಕ್ಕೆ ತೂಕವಿದೆ: ಗಂಟು, ಗಂಟೆ ಎರಡೂ ಕಿವಿಗೆ ಒಂದೇ ಥರ, ಗಂಟೆಗೆ ಗಂಟು, ಗಂಟಿಗೆ ಗಂಟೆ ಎಂದು ಕಲಸಿಹೋಗುತ್ತದೆ. ಇದು ಬೆಂಗಳೂರಿನ ಮೇಜಿನ ತೊಂದರೆ. ವಿಜಯಪುರದಲ್ಲಿ ನಾವು ಗಂಟೆ ಎನ್ನುವುದು ಗುಡಿಯಲ್ಲಿ ತೂಗುವುದಕ್ಕೆ. ಹೊತ್ತಿಗೆ ನಮ್ಮ ಮಾತು ತಾಸು. ‘ಸೊಲ್ಲಾಪುರಕ್ಕ ಎರಡ ತಾಸ’ ಎನ್ನುವ ಊರಿನಲ್ಲಿ ಗಂಟಿಗೂ ಗಂಟೆಗೂ ತಿಕ್ಕಾಟವೇ ಇಲ್ಲ.

ತಾಸಿನ ಹಂಗಿಲ್ಲದೆ ವೇಗ ಹೇಳುವುದೂ ಇಲ್ಲಿ ಹೊಸದಲ್ಲ. ನಮ್ಮ ಜಾತ್ರೆಗಳ ತೆರಬಂಡಿ ಸ್ಪರ್ಧೆಯಲ್ಲಿ ಎತ್ತಿನ ಜೋಡಿ ಬಂಡಿಯನ್ನು ಒಂದು ನಿಮಿಷದಲ್ಲಿ ಎಷ್ಟು ದೂರ ಎಳೆಯಿತು ಎಂಬುದೇ ಅಳತೆ. ಸೀಟಿ ಊದಿದ ಕೂಡಲೇ ಗುರುತು ಹಾಕಿ ಟೇಪು ಎಳೆಯುತ್ತಾರೆ, ಮೈಕಿನಲ್ಲಿ ಅಡಿಗಳನ್ನು ಕೂಗುತ್ತಾರೆ. ‘ನಿಮಿಷಕ್ಕೆ’ ಎಂದು ಯಾರೂ ಸೇರಿಸುವುದಿಲ್ಲ, ನಿಮಿಷ ಆಟದೊಳಗೇ ಇದೆ. ಮರಳಿನ ಗಡಿಯಾರ ತಿರುವಿದ ಖಲಾಸಿಯೂ ಸೀಟಿ ಹಿಡಿದ ನಮ್ಮ ಪಂಚನೂ ಮಾಡುತ್ತಿದ್ದದ್ದು ಒಂದೇ ಕೆಲಸ: ಹೊತ್ತನ್ನು ಕಟ್ಟಿಹಾಕಿ ದೂರವನ್ನು ಓದುವುದು.

ಅಂದು ಕಾಲುವೆಯ ಮೇಲೆ ನೀರಿನ ಸರದಿಗೆ ಕಾಯುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದರು.

“ಏನ್ ಅಳ್ಯಾಕತ್ತೀರಿ?”

“ನೀರಿನ ಓಟ ಅಳ್ಯಾಕತ್ತೇವ್ರೀ, ಯಜಮಾನ್ರ.”

“ಎಷ್ಟ ಬಂತು?”

“ಒಂದೂಕಾಲ ಗಂಟು.”

ಅವರು ಒದ್ದೆ ಸುತಳಿಯನ್ನು ಎತ್ತಿ, ಒಂದು ಗಂಟಿನಿಂದ ಇನ್ನೊಂದಕ್ಕೆ ಬೆರಳು ಆಡಿಸಿದರು. “ಅಂದ್ರ ಅಷ್ಟ ಹೊತ್ತಿನ್ಯಾಗ ಇಷ್ಟ ಹಗ್ಗ ಎಳಕೊಂಡ ಹೋತು ಅನ್ರಿ.”

ತಾಸಿಗೆ ಎಷ್ಟು ಎಂದು ಅವರು ಕೇಳಲಿಲ್ಲ.

ನಮ್ಮ ಹವಾಮಾನ ಇಲಾಖೆ ಗಾಳಿಯ ವೇಗ 34 ಗಂಟು ಮುಟ್ಟಿದಾಗ ವಾಯುಭಾರ ಕುಸಿತವನ್ನು ಚಂಡಮಾರುತವೆಂದು ಕರೆಯುತ್ತದೆ. ಕನ್ನಡದ ಓದುಗನಿಗೆ ಸಿಗುವುದು 62 ಕಿಲೋಮೀಟರ್ ಎಂಬ ಅಂಕಿ. ಅರವತ್ತಲ್ಲ, ಅರವತ್ತೈದಲ್ಲ, ಅರವತ್ತೆರಡೇ ಯಾಕೆ ಎಂದು ಅವನಿಗೆ ಯಾರೂ ಹೇಳುವುದಿಲ್ಲ. ನಮ್ಮೂರ ಹತ್ತಿರದ ಬುರಣಾಪುರದ ರನ್‌ವೇಗೆ ವಿಮಾನ ಇಳಿದರೆ ಅದರ ಪೈಲಟ್‌ಗೆ ಗಾಳಿಯ ಸುದ್ದಿ ಹೋಗುವುದೂ ಗಂಟಿನಲ್ಲೇ: ದಿಕ್ಕು ಎರಡು ಏಳು ಸೊನ್ನೆ, ಗಾಳಿ ಹತ್ತು ಗಂಟು. ಪಡುವಣದಿಂದ ಬೀಸುವ ಗಾಳಿ, ಟಿಕೋಟಾದ ಪಡಗಳನ್ನು ಹಾಯ್ದು ಬರುವ ಗಾಳಿ. ಅದನ್ನು ಕನ್ನಡದಲ್ಲಿ ಬರೆಯುವವರು ‘ಹತ್ತು ಗಂಟು’ ಎಂದಷ್ಟೇ ಬರೆಯಲಿ, ಹಿಂದೆ ಮುಂದೆ ಏನನ್ನೂ ಸೇರಿಸದೆ.