ಚೀಟಿ ಇದ್ರ ತೋರಸ್ರಿ

ಎಚ್‌ಐವಿ ಗುಳಿಗೆಗಾಗಿ ತಿಕೋಟಾ, ಬಬಲೇಶ್ವರದ ಕಡೆಯಿಂದ ವಿಜಯಪುರದ ಎಆರ್‌ಟಿ ಕೇಂದ್ರಕ್ಕೆ ಬಂದವರನ್ನು ‘ನಾಟಿ ಔಷಧ ತಗೊಂಡೀರೇನು?’ ಎಂದು ಗದರಿದರೆ ಬರುವ ಉತ್ತರ ಒಂದೇ: ‘ಇಲ್ರೀ.’ ಕಸುಬು ಬಲ್ಲ ನರ್ಸ್ ಹಾಗೆ ಕೇಳುವುದಿಲ್ಲ. ದನಿ ತಗ್ಗಿಸಿ, ‘ಯಕ್ಕಾ, ಮನ್ಯಾಗ ಕಷಾಯ, ಭಸ್ಮ ಏನರ ನಡದೈತೇನ್ರೀ? ಚೀಟಿ ಇದ್ರ ತೋರಸ್ರಿ’ ಎನ್ನುತ್ತಾಳೆ. ರೋಗಿಯ ಗುಟ್ಟು ಕಾಯುವುದು 2017ರ ಎಚ್‌ಐವಿ ಕಾಯ್ದೆಯ ಮಾತೂ ಹೌದು. ಆದರೆ ಆ ದನಿಯನ್ನು ಯಾವ ಕಾಯ್ದೆ ಕಲಿಸೀತು?

ಕೇಳುವುದಕ್ಕೆ ಗಟ್ಟಿ ಕಾರಣವಿದೆ. ಈಗಿನ ಗುಳಿಗೆಯಲ್ಲಿ ಡೊಲುಟೆಗ್ರಾವಿರ್ ಇರುತ್ತದೆ. ಕ್ಯಾಲ್ಸಿಯಂ, ಕಬ್ಬಿಣ, ಆ್ಯಸಿಡಿಟಿಯ ಕೆಲವು ಔಷಧ ಅದಕ್ಕೆ ಅಂಟಿಕೊಂಡು ರಕ್ತಕ್ಕೆ ಪೂರ್ತಿ ಸೇರದಂತೆ ತಡೆಯುತ್ತವೆ. ಶಂಖಭಸ್ಮದಲ್ಲಿರುವುದು ಕ್ಯಾಲ್ಸಿಯಂ, ಲೋಹಭಸ್ಮದಲ್ಲಿ ಕಬ್ಬಿಣ. ಎಆರ್‌ಟಿ ಗುಳಿಗೆ ಇವಕ್ಕಿಂತ 2 ತಾಸು ಮೊದಲು, ಇಲ್ಲವೇ 6 ತಾಸು ನಂತರ ನುಂಗಬೇಕು. ‘ಬಿಡ್ರಿ’ ಎಂದರೆ ಕದ್ದು ನುಂಗುವವರು, ಹೊತ್ತು ಹೇಳಿಕೊಟ್ಟರೆ ಪಾಲಿಸುತ್ತಾರೆ.

ಎಚ್‌ಐವಿಯನ್ನು ಬುಡಸಮೇತ ಕೀಳುತ್ತೇನೆಂದು ದುಡ್ಡು ಕೀಳುವವರ ವಿಷಯದಲ್ಲಿ ಮಾತ್ರ ಆ ನರ್ಸಿನ ಮೃದುತನ ಮುಗಿಯಿತು: ‘ಅಂಥಾ ಔಷಧ ಇಲ್ರಿ. 2004ರಿಂದ ಸರಕಾರ ಪುಕ್ಕಟೆ ಕೊಡೋ ಗುಳಿಗಿ ಬಿಟ್ಟು, ಅವಗ್ಯಾಕ ರೊಕ್ಕ?’